ಕಾಶಿಯಲ್ಲಿ ಬಿಟ್ಟ ಹನ್ನೆರಡು ತರಕಾರಿ

ನಮ್ಮ ಮನೆಯವರು ಹಾಗಲಕಾಯಿ ತಿನ್ನುತ್ತಿರಲಿಲ್ಲ. ಬಸಳೆ, ಬದನೆ, ಹೀರೆ, ಸಿಹಿಗುಂಬಳ, ಬೆಂಡೆ, ಕೆಸು, ನುಗ್ಗೆ, ತೊಂಡೆ, ಹರಿವೆ, ಪಡವಲ, ಸುವರ್ಣಗೆಡ್ಡೆ, ಇವನ್ನೂ ತಿನ್ನುತ್ತಿರಲಿಲ್ಲ. ಬಾಯಿಗೆ ಸೇರುವುದಿಲ್ಲ ಅಂತಲ್ಲ. ಹನ್ನೆರಡು ಸಲ ಕಾಶಿಗೆ ಹೋಗಿದ್ದರು, ಸಲಕ್ಕೊಂದರಂತೆ ಹನ್ನೆರಡನ್ನೂ ಗಂಗೆಯಲ್ಲಿ ಬಿಟ್ಟು ಬಂದಿದ್ದರು.

ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದನ್ನು ಬಿಟ್ಟು ಬರಬೇಕು, ಆಮೇಲೆ ಸಾಯುವ ತನಕ ಅದನ್ನು ನಾಲಿಗೆಗೆ ತಾಗಿಸಬಾರದು ಎನ್ನುವುದು ಎಲ್ಲರಿಗೂ ಗೊತ್ತಿರುವ ಪದ್ಧತಿಯೇ. ಗಯೆಯಲ್ಲಿ ಬಿಡಬೇಕು ಎನ್ನುವವರೂ ಇದ್ದಾರೆ. ಎಲ್ಲಿ ಬಿಟ್ಟರೂ ನಮ್ಮ ಜನ ಬಿಡುವುದು ಹಾಗಲಕಾಯಿಯನ್ನು. ಇಲ್ಲದಿದ್ದರೆ ಸೀಮೆಬದನೆ. ತೀರ್ಥಹಳ್ಳಿ ಸೀಮೆಯಲ್ಲಿ ಕಾಶಿಗೆ ಹೋಗಿ ಬಂದವರಲ್ಲಿ ಹಲಸಿನಹಣ್ಣು ಬಿಟ್ಟವರು ಯಾರಾದರೂ ಇದ್ದರೆ ಅವರ ಕಾಲಿಗೆ ಬೀಳಲು ನಾನು ತಯಾರು. ಇನ್ನೂ ಸಿಕ್ಕಿಲ್ಲ.

ನಮ್ಮ ಮನೆಯವರ ಹೆಸರು ಪುಟ್ಟಪ್ಪ. ವಯಸ್ಸು ಅರವತ್ತೆರಡು. ತೋಟ, ಗದ್ದೆ, ನಾಲ್ಕು ದನ, ಅಷ್ಟೇ ಪ್ರಪಂಚವಾಗಿದ್ದ ಮನುಷ್ಯ ನಲವತ್ತೆಂಟನೇ ವಯಸ್ಸಿನಲ್ಲಿ ಯಾರದೋ ತಂಡದ ಜೊತೆ ಮೊದಲ ಸಲ ಕಾಶಿಗೆ ಹೋದರು. ಮರುವರ್ಷ ನಮ್ಮ ಅತ್ತೆಯನ್ನು ಕರೆದುಕೊಂಡು ಹೋದರು. ಅಷ್ಟರಲ್ಲಿ ದಾರಿ ಗೊತ್ತಾಗಿತ್ತು, ಹಿಂದಿಯಲ್ಲಿ ಎಂಟು ಹತ್ತು ಮಾತೂ ಬರುತ್ತಿತ್ತು. ಮೂರನೇ ವರ್ಷದಿಂದ ಊರವರೇ ಬಂದು, 'ಪುಟ್ಟಪ್ಪಣ್ಣ, ಈ ಸಲ ನಮ್ಮನ್ನೂ ಕರ್ಕಂಡು ಹೋಗಿ' ಎನ್ನತೊಡಗಿದರು. ಕೊರೊನಾದ ಎರಡು ವರ್ಷ ಬಿಟ್ಟರೆ ಪ್ರತಿವರ್ಷ ಅಡಿಕೆ ಕೊಯ್ಲು ಮುಗಿದದ್ದೇ ಹತ್ತು ಹನ್ನೆರಡು ಜನರನ್ನು ಕಟ್ಟಿಕೊಂಡು ಹೊರಟುಬಿಡುತ್ತಾರೆ. ತಲೆಗೆ ಅಡಿಕೆ ಹಾಳೆಯ ಟೊಪ್ಪಿ. ನಮ್ಮಲ್ಲಿ ತೋಟದ ಕೆಲಸಕ್ಕೆ ಹಾಕಿಕೊಳ್ಳುವ ಟೊಪ್ಪಿ ಅದು. ಕಾಶಿಯ ಜನಸಂದಣಿಯಲ್ಲಿ ಬೇರೆ ಯಾರ ತಲೆಯ ಮೇಲೂ ಅಂಥದ್ದು ಇರುವುದಿಲ್ಲ, ನಮ್ಮವರು ಕಳೆದುಹೋಗುವುದಿಲ್ಲ ಎನ್ನುವುದು ಇವರ ಲೆಕ್ಕಾಚಾರ.

ಉಳಿದವರೆಲ್ಲ ಒಂದು ಸಲ ಹೋಗಿ ಒಂದು ಹಾಗಲಕಾಯಿ ಬಿಟ್ಟು ಆರಾಮಾಗಿದ್ದಾರೆ. ಇವರಿಗೆ ಮಾತ್ರ ಪ್ರತಿಸಲವೂ ಹೊಸತಾಗಿ ಒಂದನ್ನು ಬಿಡಬೇಕು. ನಾನು ಜಗಳವಾಡಿದೆ. ಗಂಗೆ ಏನು ಇವರ ಹತ್ತಿರ ವರ್ಷಾವರ್ಷ ಕಾಣಿಕೆ ಕೇಳಿದ್ದಾಳಾ ಅಂದೆ. 'ಹೋಗ್ಲಿ ಬಿಡು ಮಾರಾಯ್ತಿ, ಒಂದು ತರಕಾರಿ ತಾನೆ' ಎಂದರು. ಹೀಗೆ ಒಂದು ಒಂದು ಅಂತಲೇ ಹನ್ನೆರಡಾದವು. ನನ್ನ ಒಲೆಯ ಮೇಲೆ ಎರಡು ಪಾತ್ರೆಯಾದವು. ಒಂದರಲ್ಲಿ ನನಗೆ ಬಸಳೆ ಹುಳಿ, ಇನ್ನೊಂದರಲ್ಲಿ ಇವರಿಗೆ ಸೌತೆಕಾಯಿ ಹುಳಿ. ನನಗೆ ಬಸಳೆ ಎಂದರೆ ಜೀವ. ಬಚ್ಚಲು ನೀರು ಹೋಗುವಲ್ಲಿ ಚಪ್ಪರ ಹಾಕಿ ಬೆಳೆಸಿದ್ದೇನೆ. ಎದುರಿಗೆ ಕೂತವರು ನೀರು ಸೌತೆಕಾಯಿ ಹುಳಿ ಸುರಿಯುತ್ತಿರುವಾಗ ಒಬ್ಬಳೇ ಬಸಳೆ ತಿನ್ನುವುದು ಏನು ಸುಖ? ಅದಕ್ಕಿಂತ ನಾನು ಸಂಕಟಪಟ್ಟಿದ್ದು ಇನ್ನೊಂದಕ್ಕೆ. ಯಾವತ್ತೂ ಅವರು ಊಟದ ವಿಷಯಕ್ಕೆ ಒಂದು ಮಾತು ಆಡಿದವರಲ್ಲ. ಉಪ್ಪು ಹೆಚ್ಚಾದರೂ ಉಂಡರು, ಕಡಿಮೆಯಾದರೂ ಉಂಡರು. ಇವರಿಗೆ ನಾಲಿಗೆಯೇ ಇಲ್ಲ, ಅದಕ್ಕೇ ಇಷ್ಟು ಸಲೀಸಾಗಿ ಎಲ್ಲವನ್ನೂ ಬಿಡುತ್ತಾರೆ ಎಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಇವರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ತೀರ್ಥಹಳ್ಳಿಯ ಡಾಕ್ಟರು ರಿಪೋರ್ಟ್ ನೋಡಿ ಕನ್ನಡಕ ತೆಗೆದರು. ಕನ್ನಡಕ ತೆಗೆದರೆ ಬೈಯುತ್ತಾರೆ ಎಂದು ಅರ್ಥ.

'ಹಾಗಲಕಾಯಿ ತಿನ್ನಿ. ಸೊಪ್ಪು ತಿನ್ನಿ. ಹೀರೆ, ತೊಂಡೆ, ಪಡವಲ, ಬೆಂಡೆ, ನುಗ್ಗೆ. ಆಲೂಗೆಡ್ಡೆ ಬೇಡ, ಹಲಸು ಬೇಡ, ಅನ್ನ ಅರ್ಧ ಮಾಡಿ.'

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದು ಗಾದೆ. ನಮ್ಮ ಮನೆಯಲ್ಲಿ ಅದು ಉಲ್ಟಾ ಆಯಿತು. ಡಾಕ್ಟರು ತಿನ್ನಿ ಎಂದದ್ದೆಲ್ಲ ಗಂಗೆಯ ಪಾಲಾಗಿತ್ತು, ಗಂಗೆ ಉಳಿಸಿದ್ದೆಲ್ಲ ಡಾಕ್ಟರಿಗೆ ಆಗದು. ನಡುವೆ ಉಳಿದದ್ದು ಸೌತೆಕಾಯಿ ಮತ್ತೆ ಒಂದಿಷ್ಟು ಕೋಸು. ಮೂರು ತಿಂಗಳಲ್ಲಿ ಇವರ ಅಂಗಿಯ ಕಾಲರು ಸಡಿಲವಾಯಿತು. ಮಾತ್ರೆ ಒಂದಿದ್ದದ್ದು ಎರಡಾಯಿತು. ನಾನು ಹೆದರಿದೆ, ನಿಜವಾಗಿ ಹೆದರಿದೆ. 'ಕಾಯಿಲೆಗೆ ದೇವರು ತಪ್ಪು ಹಿಡಿಯೋದಿಲ್ಲ, ಹಾಗಲಕಾಯಿ ತಿನ್ನಿ' ಅಂದರೆ, 'ಕೊಟ್ಟ ಮಾತು ಕೊಟ್ಟದ್ದೇ ಕಣೆ' ಎನ್ನುತ್ತಾರೆ. ಊರಿಗೆ ಉಪಕಾರಿ, ಮನೆಗೆ ಮಾರಿ.

ಮಾಘ ಮಾಸ ಬಂತು. ಮತ್ತೆ ಜನ ಸೇರಿದರು. ಈ ಸಲ ಏನು ಬಿಡುತ್ತೀರಿ ಎಂದು ಕೇಳಿದೆ.

'ಸೌತೆಕಾಯಿ ಅಂದ್ಕಂಡಿದೀನಿ.'

ಅವತ್ತೇ ನಾನು ನಿರ್ಧಾರ ಮಾಡಿದೆ. ನಿಟ್ಟೂರಿಗೆ ಮದುವೆ ಮಾಡಿಕೊಟ್ಟ ಮಗಳು ಯಶಸ್ವಿನಿಗೆ ಫೋನು ಹಚ್ಚಿ, ಹದಿನೈದು ದಿನ ಬಂದು ದನ ನೋಡಿಕೋ ಎಂದೆ. ಯಾಕೆ ಎಂದಳು. ಕಾಶಿಗೆ ಹೋಗುತ್ತೇನೆ ಎಂದೆ. ಇಷ್ಟು ವರ್ಷ ಇಲ್ಲದ ಭಕ್ತಿ ಈಗ ಎಲ್ಲಿಂದ ಬಂತಮ್ಮ ಎಂದು ನಕ್ಕಳು. ಭಕ್ತಿ ಅಲ್ಲ ಮಗಳೆ, ನಿನ್ನ ಅಪ್ಪ ಅಲ್ಲಿ ಬಿಟ್ಟು ಬಂದ ತರಕಾರಿ ವಾಪಸು ತರಬೇಕು ಎಂದೆ.

ರೈಲಿನಲ್ಲಿ ನನ್ನ ಎದುರು ಸೀಟಿನಲ್ಲಿ ಕೂತವರು ಪಕ್ಕದ ಮನೆಯ ಭೂತಪ್ಪಣ್ಣ. ಎಪ್ಪತ್ತೆಂಟು ವರ್ಷ, ಬಾಯಲ್ಲಿ ಒಂದೂ ಹಲ್ಲಿಲ್ಲ. ಎರಡು ದಿನ ಪೂರ್ತಿ ಅವಲಕ್ಕಿಯನ್ನು ಮಜ್ಜಿಗೆಯಲ್ಲಿ ನೆನೆಸಿ ತಿನ್ನುತ್ತಾ, ಪಕ್ಕದವರ ಚಕ್ಕುಲಿಯನ್ನು ದುರುಗುಟ್ಟಿ ನೋಡುತ್ತಾ ಬಂದರು.

ಕಾಶಿಯಲ್ಲಿ ಇಳಿದ ಮೇಲೆ ಹಾಳೆ ಟೊಪ್ಪಿ ಮುಂದೆ, ನಾವು ಹನ್ನೊಂದು ಜನ ಹಿಂದೆ. ಗಲ್ಲಿಗಳು ನಮ್ಮ ಅಡಿಕೆ ತೋಟದ ಕಾಲುದಾರಿಗಿಂತ ಸಪೂರ. ಅದರಲ್ಲೇ ಬೈಕು, ಅದರಲ್ಲೇ ದನ, ಅದರಲ್ಲೇ ಹೆಣ. ಹಾಲಿನಂಗಡಿಯವನೊಬ್ಬ 'ಟೋಪಿವಾಲೇ ಬಾಬಾ' ಎಂದು ಕೂಗಿ ಇವರಿಗೆ ಕೈಮುಗಿದ. ಹೂವಿನವಳು ಮುಗಿದಳು. ನಾನು ನನ್ನ ಗಂಡನನ್ನು ಮೊದಲ ಸಲ ನೋಡುವ ಹಾಗೆ ನೋಡಿದೆ. ಊರಿನಲ್ಲಿ ನಾಲ್ಕು ಮಾತಾಡದ ಮನುಷ್ಯ ಇಲ್ಲಿ ಆಟೋದವನ ಹತ್ತಿರ ಹಿಂದಿಯಲ್ಲಿ ಜಗಳ ಮಾಡುತ್ತಿದ್ದರು. ಆ ಹಿಂದಿ ಆಟೋದವನಿಗೆ ಅರ್ಥವಾಯಿತೋ ಇಲ್ಲವೋ, ಜಗಳ ಮಾತ್ರ ಅರ್ಥವಾಯಿತು.

ಮೊದಲು ಕಾಲಭೈರವ. ಅವನು ಕಾಶಿಯ ಕೋತ್ವಾಲ, ಅಂದರೆ ಪೊಲೀಸು. ಅವನ ಅಪ್ಪಣೆಯಿಲ್ಲದೆ ಕಾಶಿಯಲ್ಲಿ ಇರುವ ಹಾಗಿಲ್ಲ. ಉಳಿದವರು ಅಪ್ಪಣೆ ಕೇಳಿದರು, ನಾನು ದೂರು ಕೊಟ್ಟೆ. 'ಸ್ವಾಮಿ, ನಿನ್ನ ಊರಿನಲ್ಲಿ ನನ್ನ ಮನೆಯ ಹನ್ನೆರಡು ತರಕಾರಿ ಇವೆ. ಕಳವಾದದ್ದಲ್ಲ, ಮಾಲೀಕರೇ ಇಟ್ಟು ಬಂದದ್ದು. ಆದರೂ ಕೊಡಿಸು' ಎಂದು ಮನಸ್ಸಿನಲ್ಲೇ ಹೇಳಿದೆ. ಅಲ್ಲಿನ ಅರ್ಚಕ ನವಿಲುಗರಿಯ ಕಟ್ಟಿನಿಂದ ನನ್ನ ಬೆನ್ನಿಗೆ ಪಟಪಟ ಬಡಿದು, ಕೈಗೆ ಕರಿದಾರ ಕಟ್ಟಿ ಮುಂದೆ ತಳ್ಳಿದ. ದೂರು ದಾಖಲಾಯಿತೋ ಇಲ್ಲವೋ ತಿಳಿಯಲಿಲ್ಲ. ಸ್ಟೇಷನ್ನುಗಳಲ್ಲೂ ಹೀಗೇ ಅಂತ ಕೇಳಿದ್ದೇನೆ.

ಡುಂಢಿ ಗಣಪತಿಗೆ ಕೈಮುಗಿದು ವಿಶ್ವನಾಥನ ಸಾಲಿಗೆ ನಿಂತೆವು. ಮೊಬೈಲು, ಪೆನ್ನು, ಬಾಚಣಿಗೆ ಎಲ್ಲ ಲಾಕರಿನಲ್ಲಿಟ್ಟು ಮೂರು ಗಂಟೆ ನಿಂತು, ಒಳಗೆ ಹೋದರೆ ಎರಡು ಕ್ಷಣ. ವಿಶ್ವನಾಥ ನೆಲದ ಮಟ್ಟದಲ್ಲಿ ಬೆಳ್ಳಿಯ ಚೌಕದೊಳಗೆ ಇದ್ದಾನೆ, ಇಷ್ಟೇ ಇಷ್ಟು. ಮೇಲೆ ಹೂವಿನ ರಾಶಿ, ಹಾಲು, ಹತ್ತು ಕೈ. ಬೇಡಿಕೊಳ್ಳಬೇಕೆಂದಿದ್ದ ಮಾತು ಬಾಯಿಗೆ ಬರುವ ಮೊದಲೇ ಪೊಲೀಸಮ್ಮ ನನ್ನನ್ನು ಹೊರಗೆ ದಾಟಿಸಿದ್ದಳು. ಆದರೂ ಕಣ್ಣಲ್ಲಿ ನೀರು ಬಂತು. ಯಾಕೆ ಬಂತೆಂದು ಈಗಲೂ ಹೇಳಲಾರೆ.

ಪಕ್ಕದಲ್ಲೇ ಅನ್ನಪೂರ್ಣೆ. ಅಲ್ಲಿ ನಾನು ಗಟ್ಟಿಯಾಗಿ ನಿಂತೆ. ಜಗತ್ತಿಗೆ ಅನ್ನ ಕೊಡುವವಳ ಹತ್ತಿರ ಇನ್ನೆಂತ ಮುಚ್ಚುಮರೆ? 'ಶಿವನೇ ನಿನ್ನ ಎದುರು ತಟ್ಟೆ ಹಿಡಿದು ನಿಂತವನು. ನನ್ನ ಗಂಡ ಅವನಿಗಿಂತ ದೊಡ್ಡವನಾ ತಾಯಿ, ಊಟ ಬೇಡ ಅನ್ನಲಿಕ್ಕೆ?' ಎಂದು ಕೇಳಿದೆ. ಅವಳು ಚಿನ್ನದ ಸೌಟು ಹಿಡಿದು ಕೂತಿದ್ದಳು. ಅಡುಗೆ ಮಾಡುವ ಹೆಂಗಸಿಗೆ ಅಡುಗೆ ಮಾಡುವ ಹೆಂಗಸಿನ ಕಷ್ಟ ಗೊತ್ತಾಗದೆ ಇರುವುದಿಲ್ಲ ಎಂದು ಧೈರ್ಯ ಮಾಡಿಕೊಂಡೆ.

ಮಧ್ಯಾಹ್ನದ ಮೇಲೆ ವಿಶಾಲಾಕ್ಷಿ, ಆಮೇಲೆ ದೋಣಿ. ನಮ್ಮ ತುಂಗೆ ಕಲ್ಲಿನ ಮೇಲೆ ಮಾತಾಡುತ್ತಾ ಹೋಗುವವಳು. ಗಂಗೆ ಅಷ್ಟು ಅಗಲಕ್ಕೆ ಮಾತಿಲ್ಲದೆ ಹೋಗುತ್ತಾಳೆ. ದಶಾಶ್ವಮೇಧ ಘಾಟು ದಾಟಿ ಮಣಿಕರ್ಣಿಕೆಯ ಮುಂದೆ ದೋಣಿ ನಿಧಾನವಾಯಿತು. ದಡದಲ್ಲಿ ಏಳು ಚಿತೆ ಉರಿಯುತ್ತಿದ್ದವು. ಅಷ್ಟು ಹೊತ್ತು ಗಲಗಲ ಎನ್ನುತ್ತಿದ್ದ ನಮ್ಮವರು ಕೈಮುಗಿದರು. ಇವರು ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ತಲೆಯಲ್ಲಿ ಕೂದಲು ಎಷ್ಟು ಕಡಿಮೆಯಾಗಿದೆ ಎಂದು ಆಗ ಕಂಡಿತು. ಈ ಮನುಷ್ಯನನ್ನು ಒಂದು ಹಾಗಲಕಾಯಿಯ ಹಟಕ್ಕೆ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಮರುದಿನ ಬೆಳಿಗ್ಗೆ ಬಿಡುವ ಶಾಸ್ತ್ರ. ಹನುಮಾನ್ ಘಾಟಿನ ಹತ್ತಿರ ಕನ್ನಡದವರಿಗೆ ಪೂಜೆ ಮಾಡಿಸುವ ಶ್ರೀಕರ ಭಟ್ಟರು ಸಾಗರದ ವರದಮೂಲದ ಕಡೆಯವರು. ಕಾಶಿಗೆ ಬಂದು ಮೂವತ್ತು ವರ್ಷವಾದರೂ ಮಾತಿನಲ್ಲಿ ಸಾಗರ ಹೋಗಿಲ್ಲ. ಅವರಿನ್ನೂ ಬಂದಿರಲಿಲ್ಲ. ನಾವು ಮೆಟ್ಟಿಲ ಮೇಲೆ ಚಳಿಗೆ ಮುದುಡಿ ಕೂತಿದ್ದೆವು. ನಾನು, ಇವರು, ಇವರ ಆಚೆ ಭೂತಪ್ಪಣ್ಣ. ಭೂತಪ್ಪಣ್ಣನ ದನಿ ಮೆಲ್ಲಗೆ ಕೇಳಿತು.

'ಪುಟ್ಟಪ್ಪ, ಆ ಸೌತೆಕಾಯಿ ವಿಷಯ ನೆನಪುಂಟಲ್ಲ?'

'ಉಂಟು. ನಾ ಬಿಡ್ತೀನಿ, ನೀ ಬಾಯಲ್ಲಿ ಹೇಳು ಸಾಕು.'

'ನಂಗೆ ಅದು ಬಿಟ್ರೆ ಇನ್ನೆಂತದೂ ಇಳಿಯೋದಿಲ್ಲ ಮಾರಾಯ. ಬಿಡದೆ ಹೋದ್ರೆ ಯಾತ್ರೆ ಫಲ ಇಲ್ಲ ಅಂತಾರೆ.'

ನನಗೆ ಕಿವಿ ನೆಟ್ಟಗಾಯಿತು. ಇವರು ಭಟ್ಟರನ್ನು ಹುಡುಕಿಕೊಂಡು ಎದ್ದು ಹೋದದ್ದೇ ನಾನು ಭೂತಪ್ಪಣ್ಣನ ಪಕ್ಕಕ್ಕೆ ಸರಿದು, ಇದೇನು ಕತೆ ಎಂದು ಕೇಳಿದೆ. ಅವರು ಆಶ್ಚರ್ಯಪಟ್ಟರು.

'ನಿಂಗೆ ಗೊತ್ತಿಲ್ವಾ? ಊರಿಗೆಲ್ಲ ಗೊತ್ತು. ಯಾರಿಗೆ ಬಿಡಕ್ಕೆ ಆಗೋದಿಲ್ವೋ ಅವ್ರ ಪರವಾಗಿ ಇವ್ನೇ ಬಿಡೋದು. ನಮ್ಮ ಮನೆಯವಳ ಬದನೆಕಾಯಿ ಬಿಟ್ಟವ್ನು ಯಾರು? ನಮ್ಮಣ್ಣನ ಕೆಸು? ನಿಮ್ಮತ್ತೆ ಬಸಳೆ ಬಿಡೋ ಹೊತ್ತಿಗೆ ನೀರಲ್ಲಿ ನಿಂತು ಅತ್ತುಬಿಟ್ರಂತೆ. ಅಲ್ಲಿಂದ ಶುರುವಾಯ್ತು ಇದು.'

ಅತ್ತೆ ಕಾಶಿಯಿಂದ ಬಂದ ಮೇಲೂ ಸಾಯುವ ತನಕ ಬಸಳೆ ಉಂಡಿದ್ದರು. ಏನು ಬಿಟ್ಟಿರಿ ಅತ್ತೆ ಎಂದು ಕೇಳಿದಾಗಲೆಲ್ಲ ಅವರಿಗೆ ಕೊಟ್ಟಿಗೆಯಲ್ಲಿ ಏನಾದರೂ ಕೆಲಸ ನೆನಪಾಗುತ್ತಿತ್ತು. ಈಗ ಅರ್ಥವಾಯಿತು. ಹಾಗಲಕಾಯಿ ಒಂದು ಇವರದೇ ಸ್ವಂತದ್ದು, ಉಳಿದ ಹನ್ನೊಂದೂ ಬೇರೆಯವರ ಆಸೆ. ಊರವರು ಚಪ್ಪರಿಸಿ ಉಣ್ಣುತ್ತಿದ್ದಾರೆ, ನನ್ನ ಗಂಡ ಸೌತೆಕಾಯಿ ಹುಳಿ ಕುಡಿಯುತ್ತಿದ್ದಾರೆ. ಸಿಟ್ಟು ಎಷ್ಟು ಬಂತೆಂದರೆ ಟೊಪ್ಪಿಯನ್ನು ಗಂಗೆಗೆ ಎಸೆಯಬೇಕೆನಿಸಿತು. ಅದರ ಹಿಂದೆಯೇ, ನನಗೆ ಒಂದು ಮಾತು ಹೇಳಲಿಲ್ಲವಲ್ಲ ಎಂದು ದುಃಖವೂ ಬಂತು. ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಆಗಲೇ ನನಗೆ ದಾರಿ ಹೊಳೆದದ್ದು.

ಭಟ್ಟರು ಬಂದರು. ಮೊಣಕಾಲು ಮಟ್ಟದ ನೀರಿನಲ್ಲಿ ಸಾಲಾಗಿ ನಿಂತೆವು. ಯಾತ್ರೆಯ ಯಜಮಾನರೇ ಮೊದಲು ಹೇಳುವುದು ವಾಡಿಕೆ, ಉಳಿದವರ ಸಂಕೋಚ ಬಿಡಲಿ ಎಂದು. ಇವರು ಬೊಗಸೆಯಲ್ಲಿ ನೀರು ಹಿಡಿದು ಬಾಯಿ ತೆರೆಯುವುದರೊಳಗೆ ನಾನು ಹೇಳಿದೆ.

'ಭಟ್ರೆ, ನಂದು ಮೊದಲು ಆಗ್ಲಿ. ನಾನು ಆರು ಬಿಡ್ತೀನಿ.'

'ಆರು ಎಂತಕ್ಕೆ ಅಮ್ಮ? ಒಂದು ಸಾಕು.'

'ಗಂಡನ ಪುಣ್ಯದಲ್ಲಿ ಹೆಂಡ್ತಿಗೆ ಅರ್ಧ ಪಾಲು ಹೌದೋ ಅಲ್ವೋ?'

'ಹೌದು.'

'ಇವರು ಹನ್ನೆರಡು ಬಿಟ್ಟಿದಾರೆ. ಆರು ನನ್ನ ಪಾಲಿಗೆ ಬರ್ಲಿ. ಅವನ್ನ ನಾನು ಸಾಯೋ ತನಕ ಮುಟ್ಟೋದಿಲ್ಲ. ಇವರು ತಿನ್ಲಿ. ಹಾಗಲ, ಹೀರೆ, ತೊಂಡೆ, ನುಗ್ಗೆ, ಹರಿವೆ, ಬಸಳೆ.'

ಭಟ್ಟರು ಗಂಗೆಯ ಆಚೆ ದಡ ನೋಡಿದರು. ಸೂರ್ಯ ಅದೇ ಆಗ ಮೇಲೆ ಬಂದಿದ್ದ. ಸಾಲಿನಲ್ಲಿ ನಿಂತವರು ಚಳಿ ಮರೆತು ನನ್ನನ್ನೇ ನೋಡುತ್ತಿದ್ದರು.

'ಇಂಥದ್ದು ನಾನು ಕೇಳಿದ್ದಿಲ್ಲೆ' ಎಂದರು ಭಟ್ಟರು, ಊರ ಮಾತು ಬಾಯಿಗೆ ಬಂದು. 'ಒಮ್ಮೆ ಬಿಟ್ಟಿದ್ದು ಬಿಟ್ಟಿದ್ದೇ, ಅಲ್ಲವಾ?'

'ಯಾರೂ ತಿನ್ನಬಾರದು ಅಂತ ಬಿಟ್ಟಿದ್ದಲ್ಲ ಭಟ್ರೆ. ಊರವರ ಪರವಾಗಿ ಇವರು ಬಿಡಬಹುದು, ಇವರ ಪರವಾಗಿ ನಾನು ಬಿಡಬಾರದಾ? ಬಿಟ್ಟವರು ಒಬ್ಬರು ಇದ್ರೆ ಆಯ್ತಲ್ಲ ಗಂಗಮ್ಮಂಗೆ?'

ಭಟ್ಟರಿಗೆ ನಗು ಬಂತು. 'ಪುಟ್ಟಪ್ಪ ಗೌಡ್ರೆ, ನಂಗೆ ಇದರಲ್ಲಿ ಎಂತ ತಪ್ಪೂ ಕಾಣ್ತಿಲ್ಲ. ನೀವು ಎಂತ ಹೇಳ್ತೀರಿ?'

ಇವರ ಬೊಗಸೆಯ ನೀರು ಸೋರಿ ಖಾಲಿಯಾಗಿತ್ತು. ನನ್ನ ಕಡೆ ತಿರುಗಿ, ಬೇರೆ ಯಾರೂ ಅಲ್ಲಿ ಇಲ್ಲವೆನ್ನುವ ಹಾಗೆ ಅಂದರು.

'ಐದು ಸಾಕು. ಬಸಳೆ ಬೇಡ. ನಿಂಗೆ ಬಸಳೆ ಅಂದ್ರೆ ಜೀವ.'

ಮೂವತ್ತನಾಲ್ಕು ವರ್ಷ ಎದುರೆದುರು ಕೂತು ಉಂಡವರು. ಇವರಿಗೆ ನಾಲಿಗೆ ಇಲ್ಲ, ಕಣ್ಣೂ ಇಲ್ಲ ಎಂದು ನಾನು ತಿಳಿದಿದ್ದೆ. ನನ್ನ ತಟ್ಟೆಯ ಮೇಲೆ ಇಷ್ಟು ವರ್ಷ ಕಣ್ಣಿಟ್ಟಿದ್ದರು. ಎರಡು ಪಾತ್ರೆ ಯಾಕೆ, ಬಸಳೆ ಮಾಡಬೇಡ ಎಂದು ಒಂದು ದಿನವೂ ಹೇಳದೆ ಇದ್ದದ್ದು ಯಾಕೆಂದು ಗಂಗೆಯಲ್ಲಿ ನಿಂತಾಗ ತಿಳಿಯಿತು. ನನಗೆ ಅಳು ಬಂತು, ಅತ್ತುಬಿಟ್ಟೆ. ಅತ್ತು ಮುಗಿಸಿ, 'ಆರು ಅಂದ್ರೆ ಆರು. ಇಷ್ಟ ಆದದ್ದನ್ನೇ ಬಿಡೋದು ಶಾಸ್ತ್ರ. ಹೌದಲ್ವಾ ಭಟ್ರೆ?' ಎಂದೆ.

ಭಟ್ಟರು ಸಂಕಲ್ಪ ಹೇಳಿಸಿದರು. ಆರು ಹೆಸರನ್ನೂ ಒಂದೊಂದಾಗಿ ಹೇಳಿ ನೀರು ಬಿಟ್ಟೆ. ಬಸಳೆಯನ್ನು ಕೊನೆಗೆ ಹೇಳಿದೆ.

ಮುಂದಿನದು ಭೂತಪ್ಪಣ್ಣ. ಅವರು ನನ್ನ ಮುಖ ನೋಡಿದರು, ಇವರ ಸಡಿಲ ಅಂಗಿ ನೋಡಿದರು, ಗಂಟಲು ಸರಿಮಾಡಿಕೊಂಡು, 'ನಂದು ನಾನೇ ಬಿಡ್ತೀನಿ. ಹಲಸಿನಕಾಯಿ ಹಪ್ಪಳ' ಎಂದರು. ಹಲ್ಲು ಹೋಗಿ ಹತ್ತು ವರ್ಷವಾದವರು ಹಪ್ಪಳ ಬಿಡುವುದೇ ಎಂದು ಸಾಲಿನಲ್ಲಿ ನಗು ಎದ್ದಿತು. 'ನಗಬೇಡಿ, ನಂಗೆ ಅದ್ರ ಮೇಲೆ ಇವತ್ತಿಗೂ ಆಸೆ' ಎಂದರು ಭೂತಪ್ಪಣ್ಣ. ಅವರ ದನಿ ಕೇಳಿದರೆ ಸುಳ್ಳಲ್ಲ. ಇವರು ಆ ಸಲ ಆಲೂಗೆಡ್ಡೆ ಬಿಟ್ಟರು, ನಾನು ಪಕ್ಕದಿಂದ ಹೇಳಿಕೊಟ್ಟದ್ದು. ಡಾಕ್ಟರಿಗೂ ಖುಷಿ, ಗಂಗೆಗೂ ಖುಷಿ.

ಊರಿಗೆ ಬಂದ ಮೂರನೇ ದಿನ ಹಾಗಲಕಾಯಿ ಪಲ್ಯ ಮಾಡಿದೆ. ಒಗ್ಗರಣೆ ಹಾಕಿ, ಬೇಯಿಸಿ, ವಾಡಿಕೆಯಂತೆ ಸೌಟಿನಿಂದ ಅಂಗೈಗೆ ಒಂದು ಹೋಳು ಹಾಕಿಕೊಂಡ ಮೇಲೆ ನೆನಪಾಯಿತು, ನಾನು ಇನ್ನು ಇದರ ರುಚಿ ನೋಡುವ ಹಾಗಿಲ್ಲ. ಉಪ್ಪು ಗೊತ್ತಾಗುವುದು ಹೇಗೆ? ಇವರನ್ನು ಕರೆದೆ. ಕೊಟ್ಟಿಗೆಯಿಂದ ಕೈ ತೊಳೆದುಕೊಂಡು ಬಂದರು. ಅಡುಗೆ ಮನೆಯಲ್ಲಿ ಎಲ್ಲಿ ನಿಲ್ಲಬೇಕೆಂದು ಗೊತ್ತಾಗದೆ ಬಾಗಿಲಲ್ಲೇ ನಿಂತರು. ಒಳಗೆ ಬನ್ನಿ ಎಂದು ಅಂಗೈಗೆ ಹಾಕಿದೆ. ಬಾಯಿಗೆ ಹಾಕಿ ಕಣ್ಣುಮುಚ್ಚಿದರು. ಹದಿನಾಲ್ಕು ವರ್ಷದ ಮೇಲೆ ತಿನ್ನುತ್ತಿದ್ದ ಹಾಗಲಕಾಯಿ.

'ಒಂದು ಚಿಟಿಕೆ ಉಪ್ಪು. ಬೆಲ್ಲ ಒಂಚೂರು ಇದ್ರೆ ಆಗ್ತಿತ್ತು.'

'ಬೆಲ್ಲ ಇಲ್ಲ ನಿಮಗೆ.'

'ಹಾಗಾದ್ರೆ ಹುಳಿ ಸ್ವಲ್ಪ.'

ಈಗ ದಿನಾ ಇದೇ ಕತೆ. ಒಲೆಯ ಮೇಲೆ ಈಗಲೂ ಎರಡು ಪಾತ್ರೆ, ನನ್ನದು ಯಾವುದು ಅವರದು ಯಾವುದು ಎನ್ನುವುದು ಮಾತ್ರ ಅದಲುಬದಲಾಗಿದೆ. ಒಗ್ಗರಣೆಯ ಸದ್ದು ಕೇಳಿದರೆ ಕರೆಯದಿದ್ದರೂ ಬಂದು ಕೈಯೊಡ್ಡುತ್ತಾರೆ. ಹೀರೆಗೆ ಕಾಯಿ ಹೆಚ್ಚಾಯಿತು, ತೊಂಡೆ ಇನ್ನೊಂದು ಕುದಿ ಬರಲಿ, ಹರಿವೆಗೆ ಬೆಳ್ಳುಳ್ಳಿ ಸಾಲದು. ಮೂವತ್ತನಾಲ್ಕು ವರ್ಷ ಆಡದ ಮಾತನ್ನೆಲ್ಲ ಒಟ್ಟಿಗೆ ಆಡುತ್ತಿದ್ದಾರೆ. ಮೊನ್ನೆ ಡಾಕ್ಟರು ರಿಪೋರ್ಟ್ ನೋಡಿ ಕನ್ನಡಕ ತೆಗೆಯಲಿಲ್ಲ.

ಬಸಳೆಯನ್ನು ಮಾತ್ರ ನಾನು ಬಹಳ ದಿನ ಮುಟ್ಟಲಿಲ್ಲ. ಚಪ್ಪರದಲ್ಲಿ ದಂಟು ಬೆರಳು ದಪ್ಪ ಆಗಿ ಇಳಿಬಿದ್ದಿತ್ತು. ಕೊನೆಗೆ ಒಂದು ಭಾನುವಾರ ಕೊಯ್ದು, ಕಾಯಿ ಕಡೆದು ಹುಳಿ ಮಾಡಿದೆ. ಘಮ ಜಗಲಿಯ ತನಕ ಹೋಯಿತು. ಇವರು ಬಂದರು, ಅಂಗೈಗೆ ಹಾಕಿಸಿಕೊಂಡು ರುಚಿ ನೋಡಿದರು. ಹೇಗಿದೆ ಎಂದೆ. ಊಟಕ್ಕೆ ಕೂತಾಗ ಮೂರು ಸಲ ಹಾಕಿಸಿಕೊಂಡರು. ಕೊನೆಗೆ ಪಾತ್ರೆಯನ್ನೇ ಹತ್ತಿರ ಎಳೆದುಕೊಂಡು ತಳದಲ್ಲಿದ್ದ ದಂಟನ್ನು ಬೆರಳಿನಿಂದ ಬಳಿದು ಬಾಯಿಗೆ ಹಾಕಿಕೊಂಡು, ನನ್ನ ಮುಖ ನೋಡದೆ ಹೇಳಿದರು.

'ಅಂಥಾ ಚೆನ್ನಾಗೇನೂ ಇಲ್ಲ ಬಿಡು ಮಾರಾಯ್ತಿ. ನಿಂಗೆ ಏನೂ ನಷ್ಟ ಆಗಿಲ್ಲ.'